ಕಣ್ಣಿದ್ದವರ ಕನಕಗಿರಿಗೆ ಎರಡು ಗಾಲಿಯ ಮೇಲೆ

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಅನ್ನೋ ಮಾತು ನಮ್ಮ ಕಡೆ ಸಣ್ಣ ಹುಡುಗರಿಗೂ ಬಾಯಿಪಾಠ. ಹಂಪಿ ಹರವಾದ ಊರು, ತಿರುಗಾಡೋಕೆ ಕಾಲಲ್ಲಿ ಕಸುವು ಬೇಕು; ಕನಕಗಿರಿ ಸಣ್ಣದು, ಆದರೆ ಅಲ್ಲಿನ ಕುಸುರಿ ಕಾಣೋಕೆ ಕಣ್ಣು ಬೇಕು ಅಂತ ಅದರ ಅರ್ಥ. ಕಾಲು, ಕಣ್ಣು ಎರಡಕ್ಕೂ ಒಟ್ಟಿಗೆ ಕೆಲಸ ಕೊಡಬೇಕೆಂದರೆ ಸೈಕಲ್‌ಗಿಂತ ಒಳ್ಳೆಯ ದಾರಿ ನನಗಂತೂ ಕಂಡಿಲ್ಲ.

ಬೆಂಗಳೂರಿನ ನನ್ನ ಸೈಕಲ್ ಗೆಳೆಯರಿಗೆ ಬೆಟ್ಟದ ರಸ್ತೆ ಅಂದರೆ ನಂದಿಬೆಟ್ಟ. ರಜೆ ಸಿಕ್ಕರೆ ಚಿಕ್ಕಮಗಳೂರು, ಕೊಡಗು. ಕೊಪ್ಪಳ ಜಿಲ್ಲೆ ಅಂದ ಕೂಡಲೇ ‘ಅಲ್ಲೇನಿದೆ ಮಾರಾಯಾ, ಬರೀ ಬಿಸಿಲು’ ಅಂತಾರೆ. ಬಿಸಿಲು ಇರೋದು ನಿಜ. ಮಲೆನಾಡಿನ ಹಾಗೆ ದಟ್ಟ ಕಾಡೂ ಇಲ್ಲ. ಇಲ್ಲಿ ಕಾಡೆಂದರೆ ಕುರುಚಲು, ಗುಡ್ಡವೆಂದರೆ ಯಾರೋ ರಾಶಿ ಹಾಕಿ ಮರೆತುಹೋದಂತಿರುವ ಬಂಡೆಗಳು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಅದು. ಆ ಬಂಡೆಗಳ ಸಂದಿಯಲ್ಲಿ ಕರಡಿ, ಚಿರತೆ, ತೋಳ ಎಲ್ಲ ಇವೆ. ಗುಡ್ಡಗಳ ನಡುವಿನ ರಸ್ತೆ ಮಾತ್ರ ಸಪಾಟು; ಹಳ್ಳ ಇಳಿಯುತ್ತೆ, ದಿನ್ನೆ ಏರುತ್ತೆ, ಎಲ್ಲೂ ಉಸಿರು ಕಟ್ಟಿಸಲ್ಲ. ಕೂತು ಕೆಲಸ ಮಾಡಿ ಸೊಂಟ ಬಿದ್ದುಹೋದವರಿಗೆ ಹೇಳಿ ಮಾಡಿಸಿದ ಜಾಗ.

ನಾನು ಗಂಗಾವತಿ ಕಡೆಯವನೇ. ಊರಿಗೆ ಹೋದಾಗಲೆಲ್ಲ ಈ ದಾರಿಗಳಲ್ಲಿ ತುಳಿದಿದ್ದೇನೆ. ಅದರಲ್ಲಿ ಯಾವುದು ಚೆಂದ, ಯಾವುದನ್ನು ಬಿಡಬೇಕು ಅಂತ ಹೇಳೋಕೆ ಇದನ್ನು ಬರೆದೆ.

ಹಸಿರು ಮುಗಿಯುವ ಜಾಗ

ಮೊದಲು ಗಂಗಾವತಿ-ಕನಕಗಿರಿ. ಒಂದು ಕಡೆಗೆ ಸುಮಾರು 20 ಕಿ.ಮೀ. ಬೆಳಗ್ಗೆ ಆರಕ್ಕೆ ಹೊರಟರೆ ಬಿಸಿಲು ಏರುವ ಮುಂಚೆ ತಲುಪಿ, ಒಗ್ಗರಣಿ-ಮಿರ್ಚಿ ತಿಂದು, ಗುಡಿ ನೋಡಿ, ಹತ್ತೂವರೆಯೊಳಗೆ ವಾಪಸ್ ಬರಬಹುದು.

ಗಂಗಾವತಿ ಅಂದರೆ ಭತ್ತದ ಕಣಜ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಸೋನಾ ಮಸೂರಿ ಅಕ್ಕಿ, ರೈಸ್‌ಮಿಲ್ಲುಗಳ ಉದ್ದನೆಯ ಹೊಗೆಕೊಳವೆ, ಆಂಧ್ರದಿಂದ ಬಂದು ನೆಲೆಸಿದ ರೈತರ ‘ಕ್ಯಾಂಪ್’ಗಳು. ಕಾಲುವೆ ಗುಡ್ಡದ ಪಾದ ಬಳಸಿಕೊಂಡು, ನೀರು ತಾನಾಗಿ ಹರಿಯುವಷ್ಟೇ ಇಳಿಜಾರಿನಲ್ಲಿ ಸಾಗುತ್ತೆ. ಅದಕ್ಕಿಂತ ತಗ್ಗಿನ ನೆಲಕ್ಕೆ ನೀರು, ಎತ್ತರದ ನೆಲಕ್ಕೆ ಆಕಾಶವೇ ಗತಿ. ಕಾರಿನಲ್ಲಿ ಹೋದರೆ ಇದು ಗೊತ್ತಾಗಲ್ಲ. ಸೈಕಲ್ ಮೇಲೆ ತೊಡೆಗೇ ಗೊತ್ತಾಗುತ್ತೆ: ಪೆಡಲ್ ಸ್ವಲ್ಪ ಭಾರವಾಯಿತು ಅನ್ನಿಸಿ ತಲೆ ಎತ್ತಿದರೆ ಭತ್ತ ಮುಗಿದಿರುತ್ತೆ; ಅಲ್ಲಿಂದ ಮಸಾರಿ ಮಣ್ಣು, ಸಜ್ಜೆ, ತೊಗರಿ, ಬೇಲಿಯ ತುಂಬ ಬಳ್ಳಾರಿ ಜಾಲಿ. ಗದ್ದೆಯ ತಂಪು ಗಾಳಿ ಕೂಡ ಅಲ್ಲೇ ನಿಲ್ಲುತ್ತೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಚೈನ್ ಕಿತ್ತು ಕೊಚ್ಚಿಹೋದಾಗ ಈ ಹಸಿರು ಗೆರೆಯ ಬೆಲೆ ಎಲ್ಲರಿಗೂ ಗೊತ್ತಾಯಿತು. ಆ ವಾರ ಗಂಗಾವತಿಯ ಚಹಾ ಅಂಗಡಿಗಳಲ್ಲಿ ಬೇರೆ ಮಾತೇ ಇರಲಿಲ್ಲ. ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟ್ ಕೂರಿಸಿದ್ದು ದೊಡ್ಡ ಸಾಹಸ. ಎರಡನೇ ಬೆಳೆಗೆ ನೀರು ಸಿಕ್ಕ ವರ್ಷ ಈ ದಾರಿ ಫೆಬ್ರವರಿಯಲ್ಲೂ ಹಸಿರು, ಸಿಗದಿದ್ದರೆ ಬೂದು. ಹೋಗುವ ಮುಂಚೆ ನೀರು ಬಿಟ್ಟಿದ್ದಾರಾ ಅಂತ ಕೇಳಿಕೊಳ್ಳಿ, ಫೋಟೊ ತೆಗೆಯೋರಂತೂ ಖಂಡಿತ ಕೇಳಿಕೊಳ್ಳಿ.

ನವೆಂಬರ್-ಡಿಸೆಂಬರ್‌ನಲ್ಲಿ ಇನ್ನೊಂದು ಎಚ್ಚರಿಕೆ. ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ, ಅಂಚಿಗೆ ಸಾಲಾಗಿ ಕಲ್ಲು. ಸಣ್ಣ ಟೈರು ಭತ್ತದ ಮೇಲೆ ಹೋದರೆ ಎಣ್ಣೆ ಮೇಲೆ ಹೋದ ಹಾಗೆ. ಅಲ್ಲಿ ಬ್ರೇಕ್ ಒತ್ತಬಾರದು, ಹ್ಯಾಂಡಲ್ ತಿರುಗಿಸಬಾರದು. ಅದಕ್ಕಿಂತ ಇಳಿದು ನಡೆಯೋದೇ ವಾಸಿ. ಕಾಳು ಹರವಿದವರಿಗೂ ಅದೇ ಗೌರವ.

ಕನಕಗಿರಿಯ ಕನಕಾಚಲಪತಿ ಗುಡಿಯನ್ನು ಇಲ್ಲಿನ ನಾಯಕರು ವಿಜಯನಗರದ ಶೈಲಿಯಲ್ಲಿ ಕಟ್ಟಿಸಿದರು. ದೊಡ್ಡ ಗೋಪುರ, ವಿಶಾಲ ರಂಗಮಂಟಪ, ಕುದುರೆ-ಯಾಳಿಗಳ ಕಂಬಗಳು. ಆದರೆ ಸುಮ್ಮನೆ ಕಂಬ ನೋಡಿ ಹೊರಡಬೇಡಿ. ಕಪ್ಪು ಕಲ್ಲಿನಲ್ಲಿ ಕಡೆದ ರಾಜ-ರಾಣಿಯರ ಮೂರ್ತಿಗಳು, ಗಾರೆಯ ಗೊಂಬೆಗಳು, ಮರದ ದೊಡ್ಡ ದೊಡ್ಡ ವಿಗ್ರಹಗಳು ಇವೆ. ಹಂಪಿಯಲ್ಲಿ ಇಂಥವು ಬೆಂಕಿಗೋ ಮಳೆಗೋ ಹೋದವು. ಇಲ್ಲಿ ಜನ ಬಾಳುವ ಊರಿನ ನಡುವೆ, ದಿನಾ ದೀಪ ಹಚ್ಚುವ ಗುಡಿಯಲ್ಲಿ ಉಳಿದವು. ಊರಾಚೆ ವೆಂಕಟಪ್ಪ ನಾಯಕ ಕಟ್ಟಿಸಿದ ವೆಂಕಟಪತಿ ಬಾವಿ ಇದೆ. ಬಾವಿ ಅಂತಾರೆ, ನಿಜಕ್ಕೂ ಅದು ನೆಲದೊಳಗಿನ ಮಂಟಪ. ಬಿಸಿಲಲ್ಲಿ ಬಂದವರಿಗೆ ಅದರ ಮೆಟ್ಟಿಲ ನೆರಳಿನಲ್ಲಿ ಕೂತ ಹತ್ತು ನಿಮಿಷವೇ ಅರಮನೆ.

ಹೆಸರಿನ ಬಗ್ಗೆ ಒಂದು ಮಾತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ‘ಸುವರ್ಣಗಿರಿ’ಯ ಆರ್ಯಪುತ್ರನ ಆಜ್ಞೆ ಅಂತ ಶುರುವಾಗುತ್ತೆ. ಮೌರ್ಯರ ಆ ದಕ್ಷಿಣದ ರಾಜಧಾನಿ ಈ ಕನಕಗಿರಿಯೇ ಅನ್ನುವ ವಿದ್ವಾಂಸರಿದ್ದಾರೆ, ಆಂಧ್ರದ ಜೊನ್ನಗಿರಿ ಅನ್ನುವವರೂ ಇದ್ದಾರೆ. ಊರಿನವರ ಎದುರು ಜೊನ್ನಗಿರಿಯ ಹೆಸರು ಎತ್ತದಿರುವುದು ಕ್ಷೇಮ.

‘ಇದಕ್ಕ ಎಷ್ಟ್ರಿ?’

ಈ ದಾರಿಯಲ್ಲಿ ನಿಮ್ಮನ್ನು ಎಲ್ಲರೂ ಕೇಳೋ ಪ್ರಶ್ನೆ ಇದು. ನಾನು ಯಾವಾಗಲೂ ಅರ್ಧ ಬೆಲೆ ಹೇಳುತ್ತೇನೆ. ಅಷ್ಟಕ್ಕೇ, ‘ಯಪ್ಪಾ! ಅಷ್ಟು ರೊಕ್ಕದಾಗ ಹಳೇ ಮೋಟರ್‌ಸೈಕಲ್ ಬರ್ತಿತ್ತಲ್ಲೋ ತಮ್ಮಾ’ ಅಂತ ಮರುಕಪಡುತ್ತಾರೆ. ‘ಯಾಕ, ಡಾಕ್ಟರ್ ಹೇಳ್ಯಾರೇನು?’ ಅಂತ ಕೇಳಿದ ಅಜ್ಜನೂ ಇದ್ದಾನೆ.

ಕನಕಗಿರಿಯಲ್ಲಿ ಗಾಲಿಗೆ ಗಾಳಿ ಹೊಡೆಸೋಕೆ ನಿಂತಾಗ ಅಂಗಡಿಯಾತ ಬೆಲೆ ಕೇಳಲಿಲ್ಲ. ಟೈರನ್ನು ಹಿಚುಕಿ ನೋಡಿ, ‘ಇಂಥಾ ಸಣ್ಣ ಟೈರು ನಮ್ಮ ಜಾಲಿಮುಳ್ಳಿಗೆ ಎಷ್ಟೊತ್ತು ತಡೀತೈತ್ರಿ’ ಅಂದ. ಆತನ ಅಂಗಡಿಯಲ್ಲಿ ಈಗ ಬೈಕ್ ಟೈರುಗಳೇ ಹೆಚ್ಚು. ‘ಆವಾಗ ಸಾಲಿ ಹುಡುಗ್ರ ಸೈಕಲ್ಲು ದಿನಾ ಬರ್ತಿದ್ವು. ಒಂದ್ ಪಂಚರ್, ಒಂದ್ ಚೈನು, ಒಂದ್ ಬೆಲ್ಲು. ಈಗ ನೋಡ್ರಿ, ಸೈಕಲ್ ಅಂತ ಬಂದೋರು ನೀವs.’

ಆತ ಹೇಳಿದ್ದು ಸರ್ಕಾರದ ಸೈಕಲ್‌ಗಳ ಮಾತು. 2006-07ರಿಂದ ರಾಜ್ಯದಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುತ್ತಿದ್ದರು. ಕೋವಿಡ್ ಬಂದ ಮೇಲೆ ಅದು ನಿಂತಿತು. ಎಂಟನೇ ತರಗತಿ ಅನ್ನೋ ಲೆಕ್ಕ ಸುಮ್ಮನೆ ಹಾಕಿದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಏಳನೆಯವರೆಗೆ ಶಾಲೆ ಊರಲ್ಲೇ ಇರುತ್ತೆ. ಎಂಟಕ್ಕೆ ಮುಂದಿನ ಊರಿಗೆ ಹೋಗಬೇಕು, ಮೂರೋ ಐದೋ ಆರೋ ಕಿಲೋಮೀಟರ್. ಗಂಡುಹುಡುಗ ಯಾರದೋ ಟ್ರ್ಯಾಕ್ಟರ್ ಹತ್ತುತ್ತಾನೆ, ಬೈಕಿಗೆ ಕೈ ಅಡ್ಡ ಹಾಕುತ್ತಾನೆ. ಹುಡುಗಿಯ ವಿಷಯದಲ್ಲಿ ಮನೆಯಲ್ಲಿ ಮಾತು ಬೇರೆಯಾಗುತ್ತೆ. ‘ಸಾಕು ಬಿಡು ಇನ್ನ’ ಅನ್ನುವ ಮಾತು ಹುಟ್ಟೋದು ಆ ಐದು ಕಿಲೋಮೀಟರಿನಲ್ಲೇ. ಸೈಕಲ್ ಇದ್ದಾಗ ಏಳೆಂಟು ಹುಡುಗಿಯರು ಗುಂಪಾಗಿ, ಕ್ಯಾರಿಯರ್ ಮೇಲೆ ಸಣ್ಣ ತಂಗಿಯನ್ನು ಕೂರಿಸಿಕೊಂಡು, ಇಡೀ ರಸ್ತೆ ತಮ್ಮದೇ ಅನ್ನುವಂತೆ ಹೋಗುತ್ತಿದ್ದರು.

ಆವತ್ತೇ ವಾಪಸ್ ಬರುವಾಗ ಮೂವರು ಹುಡುಗಿಯರು ಚೀಲ ಹೆಗಲಿಗೇರಿಸಿ ನಡೆದು ಹೊರಟಿದ್ದರು. ನಿಂತು ಮಾತಾಡಿಸಿದೆ. ‘ಬಸ್ ಪುಕ್ಕಟ ಐತಲ್ಲಾ ಯವ್ವಾ ನಿಮಗ?’ ಅಂದೆ. ಅವರಲ್ಲಿ ಚೂಟಿಯಾದವಳು, ‘ಪುಕ್ಕಟ ಐತ್ರೀ ಅಣ್ಣಾ, ಆದ್ರ ಬರೂದು ಸಾಲಿ ಟೈಮಿಗಲ್ರಿ’ ಅಂದಳು. ಆಮೇಲೆ ನನ್ನ ಹ್ಯಾಂಡಲ್ ಮೇಲಿನ ಮೀಟರ್ ನೋಡಿ, ‘ಇದು ಏನ್ ತೋರಿಸ್ತೈತ್ರಿ?’ ಅಂತ ಕೇಳಿದಳು. ಎಷ್ಟು ದೂರ, ಎಷ್ಟು ವೇಗ ಅಂತ ಹೇಳಿದೆ. ‘ನಮ್ಮೂರಿಂದ ಸಾಲಿ ಎಷ್ಟ ದೂರ ಅಂತ ನೋಡಿ ಹೇಳ್ರಲ್ಲಾ, ನಮ್ಮಪ್ಪ ಎರಡs ಕಿಲೋಮೀಟರ್ ಅಂತಾನ.’ ಅವರ ಊರಿನ ಕಮಾನಿನಿಂದ ಶಾಲೆ ಗೇಟಿನವರೆಗೆ ತುಳಿದು ನೋಡಿದೆ. ನಾಲ್ಕು ಪಾಯಿಂಟ್ ಆರು. ತಿರುಗಿ ಬಂದು ಹೇಳಿದಾಗ ಅವಳು ಉಳಿದಿಬ್ಬರ ಕಡೆ ನೋಡಿದ ರೀತಿಯಲ್ಲಿ ಆ ಸಂಜೆ ಅವರಪ್ಪನಿಗೆ ಏನು ಕಾದಿದೆ ಅಂತ ಗೊತ್ತಾಯಿತು.

ತೋಳದ ಸೀಮೆ

ಈ ಭಾಗದಲ್ಲೇ ಬಂಕಾಪುರದ ತೋಳ ವನ್ಯಧಾಮ ಇದೆ, ಸುಮಾರು 332 ಹೆಕ್ಟೇರ್. ತೋಳಗಳಿಗೆಂದೇ ಮೀಸಲಿಟ್ಟ ರಾಜ್ಯದ ಮೊದಲ ಜಾಗ ಇದು. ಹುಲಿ, ಆನೆಗೆ ಸಿಗುವ ಪ್ರಚಾರ ಇದಕ್ಕೆ ಸಿಕ್ಕಿಲ್ಲ. ಕಾಡಿನಂತೆ ಕಾಣದ ಈ ಬಯಲು, ಕುರುಚಲು, ಬಂಡೆಗಳ ತಾಣವನ್ನು ನೋಡಿದವರು ‘ಪಾಳುಭೂಮಿ’ ಅಂದುಬಿಡುತ್ತಾರೆ. ತೋಳಕ್ಕೆ ಬೇಕಾದದ್ದು ಇಂಥದ್ದೇ. ಅಲ್ಲಿ ಸೈಕಲ್ ಒಳಗೆ ನುಗ್ಗಿಸೋದು ಬೇಡ, ಹೊರಗಿನ ರಸ್ತೆಯಲ್ಲೇ ಹೋಗಿ. ಕುರಿಗಾರನೊಬ್ಬನಿಗೆ ‘ತೋಳ ಕಾಣ್ತಾವೇನು ಕಾಕಾ?’ ಅಂತ ಕೇಳಿದರೆ, ‘ತ್ವಾಳ ಬಂದ್ರ ನನ್ನ ಹಟ್ಟಿಗೆ ಬರ್ತೈತಿ, ನಿನ್ನ ಸೈಕಲ್ಲಿಗೆ ಬರಂಗಿಲ್ಲ ಬಿಡು’ ಅಂದ. ಕುರಿ ಕಳಕೊಳ್ಳುವವನು ಆತ, ತೋಳ ಉಳಿಯಲಿ ಅಂತ ಹಾರೈಸುವವರು ನಾವು. ತೋಳ ಉಳಿಸುವ ಯಾವ ಯೋಜನೆಯಾದರೂ ಕುರಿಯ ಪರಿಹಾರದಿಂದಲೇ ಶುರುವಾಗಬೇಕು ಅನ್ನೋದು ನನ್ನ ಅಭಿಪ್ರಾಯ.

ಆನೆಗೊಂದಿ: ಚೆಂದವೂ ಹೌದು, ಚಿಂತೆಯೂ ಹೌದು

ಬರೀ ನೋಟಕ್ಕೆ ಅಂತ ಒಂದೇ ದಾರಿ ಆರಿಸಬೇಕಾದರೆ ಗಂಗಾವತಿ-ಆನೆಗೊಂದಿ-ಸಾಣಾಪುರ. ಹೋಗಿ ಬಂದರೆ ಸುಮಾರು 40 ಕಿ.ಮೀ. ಎಡಬಲಕ್ಕೆ ಬಂಡೆಗುಡ್ಡ, ನಡುವೆ ಗದ್ದೆ, ಬಾಳೆತೋಟ, ತೆಂಗು. ಬೆಳಗಿನ ಮಂಜಿನಲ್ಲಿ ಅಂಜನಾದ್ರಿಯ ಬಿಳಿ ಗುಡಿ ಮೊದಲು ಕಾಣುತ್ತೆ, ಗುಡ್ಡ ಆಮೇಲೆ. ಅದಕ್ಕೆ 575 ಮೆಟ್ಟಿಲು. ತುಳಿದ ಕಾಲಿನಲ್ಲೇ ಹತ್ತುವ ಉಮೇದು ಇದ್ದರೆ ಹತ್ತಿ, ಮಾರನೇ ದಿನ ಇಳಿಜಾರಿನಲ್ಲಿ ಮೊಣಕಾಲು ಮಾತಾಡುತ್ತೆ. ಆನೆಗೊಂದಿಯಂತೂ ವಿಜಯನಗರಕ್ಕಿಂತ ಮೊದಲಿನ ಊರು, ಹಂಪಿಗೆ ಹಿರಿಯಕ್ಕ.

ಆದರೆ ಶನಿವಾರ-ಭಾನುವಾರ ಹೋಗಬೇಡಿ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು ತೆರವಾದವು. ಈಗ ಇತ್ತಲಿನ ರಸ್ತೆಗಳಲ್ಲೇ ಕಾರುಗಳ ಸಾಲು. ಕಿರಿದಾದ ರಸ್ತೆ, ತಿರುವಿನಲ್ಲಿ ಬಂಡೆ ಅಡ್ಡ, ಎದುರಿನಿಂದ ಬರೋ ಡ್ರೈವರ್ ಕಣ್ಣು ಗೂಗಲ್ ಮ್ಯಾಪ್ ಮೇಲೆ. ಮಂಗಳವಾರವೋ ಬುಧವಾರವೋ ರಜೆ ಹಾಕಿ ಹೋಗಿ, ಬೇರೆಯದೇ ಊರು ನೋಡಿದ ಹಾಗಿರುತ್ತೆ.

ಕತ್ತಲಲ್ಲಿ ಮಾತ್ರ ಯಾವ ವಾರವೂ ಬೇಡ. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಓಡಾಡುತ್ತವೆ, ಅದು ಒಂದು. ಇನ್ನೊಂದು ಕಾರಣ ಮನುಷ್ಯರದ್ದು. 2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆ ಬಳಿ ರಾತ್ರಿ ಹೊತ್ತು ಪ್ರವಾಸಿಗರ ಮೇಲೆ ನಡೆದ ದಾಳಿ ದೇಶಕ್ಕೆಲ್ಲ ಗೊತ್ತು. ಒಬ್ಬ ಪ್ರವಾಸಿ ಜೀವ ಕಳೆದುಕೊಂಡ. ಇದನ್ನು ಬರೆಯದೆ ‘ಬನ್ನಿ, ಸ್ವರ್ಗ’ ಅಂತ ಕರೆಯೋದು ನನಗೆ ಸರಿ ಕಾಣಲ್ಲ. ಬೆಳಕಿದ್ದಾಗ ಹೊರಡಿ, ಬೆಳಕಿದ್ದಾಗ ಮುಗಿಸಿ, ಸಾಧ್ಯವಾದರೆ ಇಬ್ಬರಾದರೂ ಇರಿ. ಕಾಲುವೆ ಏರಿಯ ಮಣ್ಣುದಾರಿ ನೋಡೋಕೆ ಆಸೆ ಹುಟ್ಟಿಸುತ್ತೆ, ಆದರೆ ಅಲ್ಲಿ ತಡೆಗೋಡೆ ಇರಲ್ಲ, ನೀರಿನ ಸೆಳೆತ ಜೋರು.

ಗಂಗಾವತಿಯಿಂದ ಹತ್ತು ಕಿ.ಮೀ. ಆಸುಪಾಸಿನ ಹಿರೇಬೆಣಕಲ್ಲಿಗೂ ಒಂದು ಬೆಳಗು ಇಟ್ಟುಕೊಳ್ಳಿ. ಊರಲ್ಲಿ ಸೈಕಲ್ ಬಿಟ್ಟು ಗುಡ್ಡ ಹತ್ತಬೇಕು. ಗೊತ್ತಿದ್ದವರನ್ನು ಜೊತೆಗೆ ಕರೆದುಕೊಳ್ಳಿ. ಮೇಲೆ ಕಲ್ಲುಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ, ಮನೆಯಂಥ ಸಮಾಧಿಗಳು, ನೂರಾರು. ಎರಡು ಸಾವಿರ ವರ್ಷಕ್ಕೂ ಹಳೆಯವು. ಜನ ‘ಮೊರೇರ ಮನೆ’ ಅಂತಾರೆ. ಫಿಲಿಪ್ ಮೆಡೋಸ್ ಟೇಲರ್ 1835ರಲ್ಲಿ ಇವುಗಳ ಬಗ್ಗೆ ಹೊರಜಗತ್ತಿಗೆ ತಿಳಿಸಿದ. ಯುನೆಸ್ಕೊದ ಸಂಭಾವ್ಯ ಪಟ್ಟಿಗೆ ಸೇರಿದ್ದು 2021ರಲ್ಲಿ. ಅಲ್ಲೊಂದು ಕಲ್ಲಿನ ನಗಾರಿ ಇದೆ, ಅರ್ಧಗೋಲದ ದೊಡ್ಡ ಬಂಡೆ. ಬಡಿದರೆ ದೂರದವರೆಗೆ ಕೇಳಿಸುತ್ತೆ. ಬಡಿಯೋದನ್ನು ಹಿಂದಿನವರಿಗೇ ಬಿಟ್ಟುಬಿಡೋಣ.

ಗಾಳಿಯ ಲೆಕ್ಕ

ಗಂಗಾವತಿಯಿಂದ ಕೊಪ್ಪಳಕ್ಕೆ ಸೈಕಲ್ ತುಳಿಯಬೇಡಿ, ರೈಲು ಹತ್ತಿ. ಗಿಣಿಗೇರಾ-ಹಿಟ್ನಾಳದ ಸುತ್ತ ಹೆದ್ದಾರಿ, ಲಾರಿ, ಕಾರ್ಖಾನೆ ದೂಳು. ಮುಖ ಒರೆಸಿದ ಬಿಳಿ ಟವೆಲ್ ಕಪ್ಪಾಗುತ್ತೆ. ಒಂದು ಗಂಟೆ ಉಸಿರಾಡಿದ ನನಗೇ ಹೀಗಾದರೆ ಅಲ್ಲೇ ಬಾಳುವವರ ಪಾಡೇನು ಅಂತ ಯೋಚಿಸಿ. ಊರ ಪಕ್ಕ ದೊಡ್ಡ ಉಕ್ಕಿನ ಕಾರ್ಖಾನೆ ವಿಸ್ತರಣೆ ಬೇಡವೆಂದು 2025ರ ಫೆಬ್ರವರಿ 24ರಂದು ಇಡೀ ಕೊಪ್ಪಳ ಬಂದ್ ಆಗಿತ್ತು. ಗವಿಮಠದ ಸ್ವಾಮೀಜಿಯೇ ಬೀದಿಗೆ ಬಂದಿದ್ದರು. ಕೊಪ್ಪಳದ ಗಾಳಿ ಬರೀ ಸೈಕಲ್ ಸವಾರನ ತಕರಾರಲ್ಲ.

ಕೊಪ್ಪಳದಲ್ಲಿ ಇಳಿದವರು ಮೊದಲು ಗವಿಮಠದ ಬಂಡೆಯ ಮೇಲಿನ ಅಶೋಕನ ಶಾಸನ ನೋಡಿ. ಇದೂ ಪಾಲ್ಕಿಗುಂಡಿನ ಶಾಸನವೂ ಪತ್ತೆಯಾದದ್ದು 1931ರಲ್ಲಿ. ಅಲ್ಲಿಂದ ಪಶ್ಚಿಮಕ್ಕೆ ಕುಕನೂರು, ಇಟಗಿ. ಹೆದ್ದಾರಿ ಬಿಟ್ಟು ಕುಕನೂರಿನ ಕಡೆ ತಿರುಗಿದರೆ ಲೋಕವೇ ಬದಲಾಗುತ್ತೆ. ಗುಡ್ಡ ಇಲ್ಲ, ಬಂಡೆ ಇಲ್ಲ, ಕಣ್ಣು ಹಾಯುವಷ್ಟು ಎರೆಭೂಮಿ, ಜೋಳ, ಕಡಲೆ, ದಿಗಂತದಲ್ಲಿ ಗಾಳಿಯಂತ್ರಗಳು. ಗಾಳಿಯಂತ್ರ ಹಾಕಿದ್ದಾರೆ ಅಂದರೆ ಸೈಕಲ್‌ನವನು ಅರ್ಥ ಮಾಡಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಎದೆಗೇ ಬಡಿಯುತ್ತೆ; ಇಳಿಜಾರಿನಲ್ಲೂ ತುಳಿಯಬೇಕು. ಆ ಕಾಲದಲ್ಲಿ ಪಶ್ಚಿಮದಿಂದ ಶುರು ಮಾಡಿ ಕೊಪ್ಪಳದಲ್ಲಿ ಮುಗಿಸಿ. ಚಳಿಗಾಲದಲ್ಲಿ ಗಾಳಿ ಪೂರ್ವದಿಂದ, ಹಾಗಾಗಿ ತಿರುವುಮುರುವು. ಮಳೆ ಬಿದ್ದ ದಿನ ಎರೆಯ ಮಣ್ಣುರಸ್ತೆಗೆ ಇಳಿದಿರೋ, ಗಾಲಿಗೆ ಮಣ್ಣು ಮೆತ್ತಿ ಸೈಕಲ್ಲನ್ನು ನೀವೇ ಹೊತ್ತುಕೊಂಡು ಹೋಗಬೇಕಾಗುತ್ತೆ.

ಕುಕನೂರಿನ ನವಲಿಂಗ ಗುಡಿ ರಾಷ್ಟ್ರಕೂಟರ ಕಾಲದ್ದು. ಅಲ್ಲಿಂದ ಏಳೆಂಟು ಕಿ.ಮೀ. ದೂರದ ಇಟಗಿಯ ಮಹಾದೇವ ದೇವಾಲಯ 1112ರದ್ದು. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಅಂತ ಕರೆಯುತ್ತೆ. ಹೊಗಳಿಕೆ ಹೆಚ್ಚಾಯಿತು ಅಂದುಕೊಂಡು ಹೋದರೆ, ತಿರುಗಣಿಯಲ್ಲಿ ಕಡೆದ ಆ ಕಂಬಗಳ ನುಣುಪು ನೋಡಿ ಬಾಯಿ ಮುಚ್ಚಿಕೊಳ್ಳುತ್ತೆ. ಮಧ್ಯಾಹ್ನದ ಹೊತ್ತು ಒಳಗಿನ ಕಲ್ಲಿನ ನೆಲ ತಣ್ಣಗಿರುತ್ತೆ. ನಾನು ಹೋದಾಗ ಕಾವಲುಗಾರ, ಇಬ್ಬರು ಮಕ್ಕಳು, ಒಂದು ನಾಯಿ, ಇಷ್ಟೇ ಜನ.

ಚೀಲದಲ್ಲಿ ಏನಿರಬೇಕು

ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಾರ್ಚ್ ಹೊತ್ತಿಗೆ ಹತ್ತು ಗಂಟೆಯ ಬಿಸಿಲೇ ಸಾಕು ಅನ್ನಿಸುತ್ತೆ, ಏಪ್ರಿಲ್-ಮೇ ಬೇಡವೇ ಬೇಡ. ಕನಕಗಿರಿ ಜಾತ್ರೆ ಫಾಲ್ಗುಣದಲ್ಲಿ. ಜಾತ್ರೆಗೆ ಹೋಗಿ, ಆದರೆ ಬಸ್ಸಿನಲ್ಲಿ.

ಸವಾರಿ ಕೆಡಿಸೋದು ಏರಲ್ಲ, ಜಾಲಿಮುಳ್ಳು. ಬೇಲಿ ಕಡಿದ ವಾರ ರಸ್ತೆ ತುಂಬ ಮುಳ್ಳು. ಎರಡು ಟ್ಯೂಬ್, ಪ್ಯಾಚ್, ಪಂಪ್ ಇಲ್ಲದೆ ಹೊರಡಬೇಡಿ. ತೆಳು ಟೈರಿಗಿಂತ 32 ಮಿ.ಮೀ. ಮೇಲಿನದ್ದು ವಾಸಿ. ಟ್ಯೂಬ್‌ಲೆಸ್ ಇದ್ದರೆ ಪುಣ್ಯವಂತರು. ಹಳ್ಳಿಯ ಪಂಕ್ಚರ್ ಅಂಗಡಿಯ ಪಂಪು ನಿಮ್ಮ ಸಣ್ಣ ವಾಲ್ವಿಗೆ ಕೂರಲ್ಲ, ಹತ್ತಿಪ್ಪತ್ತು ರೂಪಾಯಿಯ ಹಿತ್ತಾಳೆ ಅಡಾಪ್ಟರ್ ಒಂದು ಜೇಬಿನಲ್ಲಿರಲಿ. ನೀರು ಎರಡು ಬಾಟಲಿ. ಕನಕಗಿರಿಯಿಂದ ಮುಂದೆ ಊರುಗಳು ದೂರದೂರ. ಗಂಗಾವತಿಗೆ ರೈಲು ಬಂದು ಕೆಲವು ವರ್ಷವಾಯಿತು. ಕುಷ್ಟಗಿಗೂ 2025ರಲ್ಲಿ ಬಂತು. ಹಾಗಾಗಿ ಈಗ ಒಂದು ಸ್ಟೇಷನ್ನಿನಲ್ಲಿ ಇಳಿದು ಇನ್ನೊಂದರಲ್ಲಿ ಹತ್ತಬಹುದು, ಬಂದ ದಾರಿಯಲ್ಲೇ ವಾಪಸ್ ಹೋಗಬೇಕಿಲ್ಲ. ರೈಲಿನಲ್ಲಿ ಸೈಕಲ್ ಒಯ್ಯೋಕೆ ಗಾಲಿ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳೋದು ಸುಲಭ. ಲಗೇಜ್ ಬುಕ್ ಮಾಡೋದಾದರೆ ಮೊದಲೇ ಸ್ಟೇಷನ್ನಿನಲ್ಲಿ ವಿಚಾರಿಸಿ.

ಆ ಹೊಸ ರೈಲಿನ ನೆಪದಲ್ಲೇ ಸೆಪ್ಟೆಂಬರ್‌ನಲ್ಲಿ ಗಂಗಾವತಿಯಿಂದ ಕನಕಗಿರಿ, ತಾವರಗೇರಾ ದಾಟಿ ಕುಷ್ಟಗಿಗೆ ಹೋದೆ. ಕನಕಗಿರಿಯಿಂದ ತಾವರಗೇರಾದವರೆಗೆ ವಾಹನ ಕಡಿಮೆ, ಕುರಿಹಿಂಡು ಹೆಚ್ಚು. ಸಜ್ಜೆ ತೆನೆ ಬಿಟ್ಟಿತ್ತು, ರಸ್ತೆಯ ಎರಡೂ ಕಡೆ ಗಿಳಿಗಳ ಗಲಾಟೆ, ಹೊಲದ ನಡುವೆ ಮಂಚಿಕೆ ಮೇಲೆ ಕವಣೆ ಹಿಡಿದು ನಿಂತ ಹುಡುಗರು. ಒಬ್ಬ ನನ್ನ ಕಡೆಗೇ ಗುರಿ ಇಟ್ಟು, ನಕ್ಕು, ಇಳಿಸಿದ. ತಾವರಗೇರಾದ ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಸಾಕೆಂದು ಕೈ ಅಡ್ಡ ಹಿಡಿದೆ. ಬಡಿಸುತ್ತಿದ್ದ ಅಕ್ಕ ಹೊರಗೆ ಗೋಡೆಗೆ ಒರಗಿಸಿದ್ದ ಸೈಕಲ್ ನೋಡಿದಳು, ಬೇವಿನ ಮರ ತೂಗುತ್ತಿರುವ ದಿಕ್ಕು ನೋಡಿದಳು. ‘ಕುಷ್ಟಗಿ ತನಕ ಎದುರುಗಾಳಿ ಐತಿ ತಮ್ಮಾ’ ಅಂತ ಇನ್ನೆರಡು ರೊಟ್ಟಿ ಹಾಕಿಯೇ ಬಿಟ್ಟಳು.